ಇಡೀ ಮನೆತನ ಎಡಚರಾದ ಶನಿವಾರ

ಅರವತ್ತೊಂದು ಹಾಳೆ ನೆಗೆಟಿವ್‌ಗಳನ್ನು ಒಂದೇ ಹಗಲಿನಲ್ಲಿ ಮುಗಿಸಿಬಿಡುತ್ತೇನೆಂದು ಶುಕ್ರವಾರ ಬೆಳಗ್ಗೆ ವೆನಿಂಗ್ ಘೋಷಿಸಿದಾಗ ಅವಳ ಒಂದು ಕೈಯಲ್ಲಿ ಮಗಳ ಗಂಜಿಯ ಬಟ್ಟಲಿತ್ತು, ಇನ್ನೊಂದರಲ್ಲಿ ಚಮಚ. ದಿಗ್ವಿಜಯಕ್ಕೆ ಹೊರಟ ಚಕ್ರವರ್ತಿಗಳ ಮುಖದಲ್ಲೂ ಅಂಥ ತೇಜಸ್ಸು ಇದ್ದಿರಲಾರದು! ಎರಡು ವರ್ಷದ ಕಿರಾನಾ ಮಾತ್ರ ಆ ತೇಜಸ್ಸಿಗೆ ಸೊಪ್ಪು ಹಾಕದೆ ಗಂಜಿಯನ್ನು ಮೆಲ್ಲಗೆ ಎದೆಯ ಮೇಲೆ ಬಿಟ್ಟುಕೊಂಡಳು.

ಗಂಡ ದಾಮರ್ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಅವನು ಚಹಾ ಲೋಟವನ್ನು ಕೆಳಗಿಟ್ಟು ಗುಣಾಕಾರ ಮಾಡಿದ. ಹಾಳೆಗೆ ಮೂವತ್ತಾರು ಚಿತ್ರ, ಅರವತ್ತೊಂದು ಹಾಳೆ; ಸೆಮಾರಾಂಗ್ ನಗರದ ಸ್ಕ್ಯಾನ್ ಅಂಗಡಿಯವರಿಗೆ ಕೊಟ್ಟರೆ ಒಂದೂವರೆ ತಿಂಗಳು ಬೇಕು ಎಂದ.

"ಅವ್ರು ಒಂದೊಂದೇ ಚಿತ್ರ ಸ್ಕ್ಯಾನ್ ಮಾಡ್ತಾರೆ ಮಾಸ್," ಎಂದಳು ವೆನಿಂಗ್, ಗಂಡನನ್ನು ಎಂದಿನ ಹಾಗೆ ಕರೆಯುತ್ತಾ. "ನಾನು ಹಾಳೆಗೆ ಹಾಳೆಯನ್ನೇ ಮಲಗಿಸಿ ಬರೀ ಪರಿವಿಡಿ ಮಾಡ್ತೀನಿ. ಅವ್ರು ಪುಸ್ತಕ ಪೂರ್ತಿ ಓದೋರು. ನಂಗೆ ಒಳಗೇನಿದೆ ಅಂತ ಗೊತ್ತಾದ್ರೆ ಸಾಕು."

ಈ ಮಾತು ಅವಳಿಗೇ ಎಷ್ಟು ಹಿಡಿಸಿತೆಂದರೆ, ಪಾತ್ರೆ ತೊಳೆಯುವಾಗ ಅದನ್ನು ಇನ್ನೊಮ್ಮೆ ಸಣ್ಣಗೆ ಹೇಳಿಕೊಂಡಳು.

ಆತುರಕ್ಕೆ ಕಾರಣವಿತ್ತು. ಉಪವಾಸದ ತಿಂಗಳು ಮುಗಿಸುವ ಲೆಬಾರಾನ್ ಹಬ್ಬ ಕಳೆದ ಮೇಲೆ, ಒಬ್ಬನೇ ಮುತ್ತಜ್ಜನಿಂದ ಇಳಿದು ಬಂದ ಕುಟುಂಬಗಳೆಲ್ಲ ವರ್ಷಕ್ಕೊಂದು ಮನೆಯಲ್ಲಿ ಸೇರುತ್ತವೆ. ಈ ಸಲದ ಭಾನುವಾರ ಆ ಕೂಟ ಸಲಾತಿಗ ಊರಿನ ಇದೇ ಮನೆಯಲ್ಲಿ, ವೆನಿಂಗಳ ಅತ್ತೆ ಇಬು ಸುಲಾರ್ಮಿಯ ಮನೆಯಲ್ಲಿ; ಇಬು ಅಂದರೆ ಅಮ್ಮ. ಕೂಟ ಎಲ್ಲಿ ನಡೆದರೂ ಅಲ್ಲಿಯ ಗೋಡೆಗೆ ಒಂದು ದೊಡ್ಡ ಬಟ್ಟೆ ತೂಗುಬೀಳುತ್ತದೆ. ಮೇಲೆ ಮುತ್ತಜ್ಜ, ಮುತ್ತಜ್ಜಿ. ಅವರ ಕೆಳಗೆ ಕೊಂಬೆ ಕೊಂಬೆಯಾಗಿ ಒಂದೊಂದು ದಂಪತಿಯ ಮದುವೆಯ ಫೋಟೊ. ನೂರಾರು ಮುಖಗಳ ಆ ಮರದಲ್ಲಿ ಒಂದೇ ಒಂದು ಜಾಗದಲ್ಲಿ ಮಾತ್ರ ಮೂವತ್ತೆಂಟು ವರ್ಷಗಳಿಂದ ಫೋಟೊ ಇಲ್ಲ, ಬರೀ ಹೆಸರಿನ ಚೀಟಿ: ಕಸ್ಮಾದಿ–ಸುಲಾರ್ಮಿ.

ತಮಾಷೆಯೆಂದರೆ ಆ ಕಸ್ಮಾದಿಯೇ, ಅಂದರೆ ವೆನಿಂಗಳ ಮಾವನೇ, ಊರಿನ ಫೋಟೊಗ್ರಾಫರ್! ಊರಿನ ಅರ್ಧ ಮದುವೆಗಳನ್ನು ತೆಗೆದವರು ಅವರು. ಅವರ ಹೆಂಡತಿಗೆ ಮಾತ್ರ ತನ್ನ ಫೋಟೊ ಕಂಡರೆ ಆಗುತ್ತಿರಲಿಲ್ಲ. ಮುಖ ಸೊಟ್ಟ ಬರುತ್ತದೆ, ಒಂದು ಹುಬ್ಬು ಎಲ್ಲೋ ಹೋಗುತ್ತದೆ, ಇದು ನಾನಲ್ಲ ಎಂದು ಪ್ರತಿಯೊಂದನ್ನೂ ತಳ್ಳಿಹಾಕಿದ್ದರು. ಮಾವ ಬೆಳಕು ಬದಲಿಸಿ ನೋಡಿದರು, ಲೆನ್ಸ್ ಬದಲಿಸಿ ನೋಡಿದರು. ಹೆಂಡತಿಯನ್ನು ಮೆಚ್ಚಿಸಲಾಗದೆ, ಎರಡು ವರ್ಷದ ಹಿಂದೆ, ನಾಲ್ಕು ಬಿಸ್ಕತ್ತಿನ ಡಬ್ಬಿಗಳ ತುಂಬ ನೆಗೆಟಿವ್ ಬಿಟ್ಟು ತೀರಿಕೊಂಡರು.

ತಮ್ಮ ಮನೆಯಲ್ಲೇ ನಡೆಯುವ ಕೂಟದಲ್ಲಿ ತಮ್ಮದೇ ಜಾಗ ಖಾಲಿ ಇರಬಾರದೆಂದು ವೆನಿಂಗ್ ಹಟ ಹಿಡಿದಿದ್ದಳು. ಈ ಮನೆಗೆ ಬಂದು ನಾಲ್ಕು ವರ್ಷವಾದರೂ ಅವಳಿಗಿನ್ನೂ ಅತ್ತೆಯಿಂದ ಸಾಸಿವೆಯಷ್ಟು ಹೊಗಳಿಕೆಯೂ ಸಿಕ್ಕಿರಲಿಲ್ಲ. ಹಟದಲ್ಲಿ ಅದೂ ಸ್ವಲ್ಪ ಬೆರೆತಿತ್ತೆಂದರೆ ಸುಳ್ಳಲ್ಲ. ಕೊನೆಗೆ ಅತ್ತೆ ಒಂದು ಕರಾರಿನ ಮೇಲೆ ಒಪ್ಪಿದರು.

"ಮದುವೆ ರೋಲು ನೋಡ್ತೀನಿ. ಒಂದಾದ್ರೂ ನನ್ನ ಹಾಗಿದ್ರೆ ಗೋಡೆಗೆ ಹಾಕು. ಇಲ್ದಿದ್ರೆ ಇನ್ನು ನಾನು ಸಾಯೋವರೆಗೂ ಈ ಮಾತು ಎತ್ತಬಾರ್ದು."

ಹೀಗೆ ಯುದ್ಧ ಶುರುವಾಯಿತು. ಆಯುಧಗಳು ಎರಡು. ಒಂದು, ದಾಮರ್ ಪ್ರಶ್ನೆಪತ್ರಿಕೆ ಮುದ್ರಿಸುವ ಪ್ರಿಂಟರಿನ ತಲೆಯ ಮೇಲಿದ್ದ ಸ್ಕ್ಯಾನರ್. ಅದು ಕಾಗದಕ್ಕೆ ಹುಟ್ಟಿದ್ದು, ನೆಗೆಟಿವ್‌ಗಲ್ಲ. ನೆಗೆಟಿವ್ ಕಾಣಬೇಕಾದರೆ ಮೇಲಿನಿಂದಲೂ ಬೆಳಕು ಬೇಕು. ಆದ್ದರಿಂದ ಎರಡನೆಯ ಆಯುಧ, ಕಿರಾನಾಳ ಟ್ಯಾಬ್ಲೆಟ್. ಪರದೆಯ ಮೇಲೆ ಬಿಳಿ ಪುಟ ತೆರೆದು, ನೆಗೆಟಿವ್ ಹಾಳೆಯ ಮೇಲೆ ಅದನ್ನು ಬೋರಲು ಮಲಗಿಸಿದರೆ ಬೆಳಕು ಸಿದ್ಧ! ಬಂದ ಚಿತ್ರವನ್ನು ಕಂಪ್ಯೂಟರಿನಲ್ಲಿ ಕಪ್ಪು ಬಿಳುಪು ಅದಲುಬದಲು ಮಾಡಿದರೆ ಮನುಷ್ಯರು ಹೊರಬರುತ್ತಾರೆ. ಎಲ್ಲರೂ ಸ್ವಲ್ಪ ನೀಲಿಯಾಗಿ ಬರುತ್ತಾರೆ, ನಿಜ. ಪರಿವಿಡಿಗೆ ಅಷ್ಟು ಸಾಕು ಎಂದು ವೆನಿಂಗ್ ತೀರ್ಮಾನಿಸಿದಳು.

ಮೊದಲ ಹಾಳೆಯನ್ನು ಗಾಜಿನ ಮೇಲಿಡುವಾಗಲೇ ಹಿಂದಿನಿಂದ ಅತ್ತೆಯ ಧ್ವನಿ ಕೇಳಿತು. ಪ್ರತಿ ಪ್ಲಾಸ್ಟಿಕ್ ಹಾಳೆಯ ನೆತ್ತಿಗೆ ಅಂಟಿಸಿದ ಕಾಗದದ ಪಟ್ಟಿಯ ಮೇಲೆ ಮಾವ ತಮ್ಮ ಗುಂಡು ಅಕ್ಷರಗಳಲ್ಲಿ ಹೆಸರು, ತಾರೀಖು ಬರೆದಿಟ್ಟಿದ್ದರು.

"ಹಿರಿಯರ ಹೆಸರು ಬೋರಲು ಹಾಕಿ ಮೇಲೆ ಭಾರ ಹೇರ್ತೀಯಾ ಮಗು?"

ಅವರು ಗದರಲಿಲ್ಲ, ಗದರಿದ್ದರೆ ವಾಸಿಯಿತ್ತು. ವೆನಿಂಗ್ ನಾಲಿಗೆ ಕಚ್ಚಿಕೊಂಡಳು. ಅವಳ ತವರಿನಲ್ಲಿ ಅಜ್ಜನ ಹೆಸರಿದ್ದ ಲಗ್ನಪತ್ರಿಕೆ ನೆಲಕ್ಕೆ ಬಿದ್ದರೂ ಎತ್ತಿ ಹಣೆಗೆ ಒತ್ತಿಕೊಳ್ಳುತ್ತಿದ್ದರು. ತೀರಿಹೋದವರ ಹೆಸರುಗಳನ್ನು ಮುಖ ಕೆಳಗಾಗಿ ಮಲಗಿಸಲು ಅವಳಿಗೂ ಮನಸ್ಸು ಒಪ್ಪಲಿಲ್ಲ. ಒಡನೆ ಹಾಳೆಯನ್ನು ತಿರುಗಿಸಿ, ಅಕ್ಷರ ಮೇಲೆ ಬರುವಂತೆ ಇಟ್ಟಳು. ಪ್ಲಾಸ್ಟಿಕ್ಕೂ ಪಾರದರ್ಶಕ, ಫಿಲ್ಮೂ ಪಾರದರ್ಶಕ. ಈ ಕಡೆಯಿಂದ ನೋಡಿದರೇನು, ಆ ಕಡೆಯಿಂದ ನೋಡಿದರೇನು! ಅರವತ್ತೊಂದು ಹಾಳೆಯನ್ನೂ ಅದೇ ಗೌರವದಿಂದ ಇಡುತ್ತಾ ಹೋದಳು.

ಟ್ಯಾಬ್ಲೆಟ್ಟಿನ ಕಾಟ ಬೇರೆ. ಅರ್ಧ ನಿಮಿಷಕ್ಕೊಮ್ಮೆ ಅದು ನಿದ್ದೆಹೋಗುತ್ತಿತ್ತು. ನಿದ್ದೆ ಬಿಡಿಸಿದರೆ ಕೆಲವೊಮ್ಮೆ ಬಿಳಿ ಪುಟದ ಬದಲು ಕಿರಾನಾಳ ಅಚ್ಚುಮೆಚ್ಚಿನ ಕಾರ್ಟೂನ್ ಎದ್ದು ಬರುತ್ತಿತ್ತು. ಎಂಟನೆಯ ಹಾಳೆಯಲ್ಲಿ ಮುತ್ತಜ್ಜನ ಗಂಭೀರ ಮುಖದ ಹಿಂದೆ ಒಂದು ಮೊಲ ಹಲ್ಲು ಕಿರಿದು ಕೈಬೀಸುತ್ತಿತ್ತು. ಅದನ್ನು ಕಂಪ್ಯೂಟರಿನಲ್ಲಿ ನೋಡಿದ್ದೇ ತಡ, ತನ್ನ ಮೊಲವನ್ನು ಅಮ್ಮ ಪೆಟ್ಟಿಗೆಯೊಳಗೆ ಕೂಡಿಹಾಕಿದ್ದಾಳೆಂದು ಕಿರಾನಾ ಸ್ಕ್ಯಾನರನ್ನು ತಬ್ಬಿಕೊಂಡು ಅತ್ತಳು. ಕೊನೆಗೆ ತಾಯಿ ಮಗಳ ನಡುವೆ ಒಪ್ಪಂದವಾಯಿತು: ಹತ್ತು ಹಾಳೆಗೊಮ್ಮೆ ಮೊಲಕ್ಕೆ ಐದು ನಿಮಿಷ ಬಿಡುಗಡೆ. ಆ ಐದು ನಿಮಿಷಗಳಲ್ಲಿ ವೆನಿಂಗಳೂ ಮಗಳ ನೆತ್ತಿಗೆ ಗಲ್ಲ ಊರಿ ಮೊಲದ ಸಂಸಾರ ನೋಡಿದಳು. ಅದರ ಕಷ್ಟವೂ ಕಡಿಮೆಯೇನಿರಲಿಲ್ಲ.

ಸೂರ್ಯ ಮುಳುಗುವ ಹೊತ್ತಿಗೆ ಅರವತ್ತೊಂದೂ ಮುಗಿದವು! ವೆನಿಂಗ್ ಸೊಂಟಕ್ಕೆ ಕೈಕೊಟ್ಟು ಗಂಡನನ್ನು ನೋಡಿದ ನೋಟದಲ್ಲಿ ಸೆಮಾರಾಂಗಿನ ಅಂಗಡಿಗಳೆಲ್ಲ ಬಾಗಿಲು ಮುಚ್ಚಿದವು.

ಶನಿವಾರ ಬೆಳಗ್ಗೆ ಜೆರಾಕ್ಸ್ ಅಂಗಡಿಯಲ್ಲಿ ಎಲ್ಲವನ್ನೂ ಮುದ್ರಿಸಿ ತಂದು, ಊಟದ ಕೋಣೆಗೆ ಅಡ್ಡಡ್ಡ ಹಗ್ಗ ಕಟ್ಟಿ ಬಟ್ಟೆಯ ಕ್ಲಿಪ್ಪುಗಳಿಂದ ತೂಗುಹಾಕಿದಳು. ಮನೆತನದ ವಾಟ್ಸಾಪ್ ಗುಂಪಿಗೂ ಕಳಿಸಿದಳು: ಯಾರಿಗೆ ಯಾವುದು ಬೇಕೋ ಹಾಳೆಯ ಸಂಖ್ಯೆ, ಸಾಲು, ಎಡದಿಂದ ಎಷ್ಟನೆಯದು ಎಂದು ತಿಳಿಸಿ, ದೊಡ್ಡದು ಮಾಡಿಕೊಡುತ್ತೇನೆ. ಹೂಗುಚ್ಛಗಳು, ಹೆಬ್ಬೆರಳುಗಳು ಮಳೆಗರೆದವು. ಐವತ್ತಕ್ಕೂ ಹೆಚ್ಚು ಬೇಡಿಕೆಗಳನ್ನು ಅವಳು ತನ್ನ ಡೈರಿಯಲ್ಲಿ ಬರೆದುಕೊಂಡಳು. ಅಡುಗೆಮನೆಗೆ ಹೋಗುವಾಗ ಅವಳ ನಡಿಗೆಯೇ ಬೇರೆಯಾಗಿತ್ತು.

ಹನ್ನೊಂದು ಗಂಟೆಗೆ ಫೋನ್ ಬಂತು. ಮಾವನ ಅಕ್ಕ, ಬುಡೆ ತುಮಿನಿ. ಬುಡೆ ಅಂದರೆ ದೊಡ್ಡತ್ತೆ. ಈ ದೊಡ್ಡತ್ತೆಯಂತೂ ಮನೆತನದ ಸುಪ್ರೀಂ ಕೋರ್ಟು.

"ನಿನ್ನ ಮೇಲೆ ಕೋಪ ಇಲ್ಲ ಮಗು. ನಂಗೊಂದು ಹೇಳು. ನಮ್ಮಪ್ಪ ಎಡಗೈಲಿ ಊಟ ಮಾಡ್ತಿದ್ರಾ?"

ತಾನು ಕಂಡೇ ಇಲ್ಲದ ಹಿರಿಯರ ಬಗ್ಗೆ ವೆನಿಂಗ್ ಏನು ಹೇಳಿಯಾಳು?

"ಹತ್ತೊಂಬತ್ತನೇ ಹಾಳೆ ನೋಡು. ಎಡಗೈ. ಪಕ್ಕದಲ್ಲಿ ನಮ್ಮಮ್ಮ, ಅವ್ರೂ ಎಡಗೈ. ನಾನು ಬೀಗರಿಗೆ ಚಹಾ ಕೊಡ್ತಿದೀನಿ. ಯಾವ ಕೈ? ನನ್ನ ಗಂಡನ ಬಾಟಿಕ್ ಪಂಚೆ ನೆರಿಗೆ ಹೆಂಗಸರು ಉಡೋ ಕಡೆಗೆ ತಿರುಗಿದೆ. ಆ ನೆರಿಗೆ ಹಿಡಿದು ಉಡ್ಸಿದ್ದು ನಾನು ಕಣೇ, ನಾನು."

ಫೋನ್ ಇಡುವಷ್ಟರಲ್ಲಿ ಗುಂಪಿನಲ್ಲಿ ಕುರುಕ್ಷೇತ್ರ ಆರಂಭವಾಗಿತ್ತು. ಎಡಗೈಯಲ್ಲಿ ಕೊಟ್ಟವರು, ಎಡಗೈಯಲ್ಲಿ ಪಡೆದವರು, ಎಡಗೈಯಲ್ಲಿ ಹಿರಿಯರ ಕೈ ಹಿಡಿದು ನಮಸ್ಕರಿಸಿದವರು ಎಂದು ಒಬ್ಬೊಬ್ಬರೂ ಇನ್ನೊಬ್ಬರ ಅಪ್ಪ ಅಮ್ಮನ ಪಟ್ಟಿ ಮಾಡತೊಡಗಿದ್ದರು. ತಮ್ಮ ಕಡೆಯವರು ಅಂಥವರಲ್ಲ, ನಿಮ್ಮ ಕಡೆಯವರ ಬಗ್ಗೆ ಮಾತ್ರ ಮೊದಲಿನಿಂದಲೂ ಅನುಮಾನವಿತ್ತು ಎಂದು ಒಬ್ಬರು ಬರೆದು ಅಳಿಸಿದರು; ಅಳಿಸುವ ಮುಂಚೆಯೇ ಎಲ್ಲರೂ ಓದಿಯಾಗಿತ್ತು. ಇಡೀ ಮನೆತನದಲ್ಲಿ ಸಂತೋಷಪಟ್ಟವರು ಒಬ್ಬರೇ, ಮಾವನ ತಮ್ಮ ಗಿಮಾನ್. ಅವರು ಹುಟ್ಟು ಎಡಚರು. ಎಡಗೈ ಎತ್ತಿದಾಗಲೆಲ್ಲ ಪೆಟ್ಟು ತಿಂದು ಬೆಳೆದವರು. ಈ ಎಲ್ಲ ಚಿತ್ರಗಳಲ್ಲಿ ಬಲಗೈಯಲ್ಲಿ ಉಣ್ಣುತ್ತಿರುವ ಏಕೈಕ ಸಭ್ಯ ವ್ಯಕ್ತಿ ತಾನೇ ಎಂದು ಅವರು ಎಲ್ಲರ ಗಮನಕ್ಕೆ ತಂದಿದ್ದರು. ದಯವಿಟ್ಟು ಏನನ್ನೂ ಸರಿಪಡಿಸಬೇಡ ಎಂದು ವೆನಿಂಗಳಿಗೆ ಬೇರೆಯಾಗಿಯೂ ಬರೆದಿದ್ದರು.

ದಾಮರ್ ಹಗ್ಗದ ಬಳಿ ನಿಂತು ಬಹಳ ಹೊತ್ತು ನೋಡಿದ.

"ಈ ಗಡಿಯಾರದಲ್ಲಿ ಒಂಬತ್ತಿರೋ ಕಡೆ ಮೂರಿದೆ," ಎಂದ.

ವೆನಿಂಗ್ ಒಂದು ನೆಗೆಟಿವ್ ಹಾಳೆಯನ್ನು ಎತ್ತಿ ಬೆಳಕಿಗೆ ಹಿಡಿದಳು. ಹಿರಿಯರ ಹೆಸರು ಆಕಾಶ ನೋಡುತ್ತಿದ್ದಾಗ ಕೆಳಗಿನ ಯಂತ್ರ ಅವರ ಬೆನ್ನ ಕಡೆಯಿಂದ ನೋಡುತ್ತಿತ್ತು! ಕನ್ನಡಿಯಲ್ಲಿ ಕಂಡಂತೆ ಎಲ್ಲರ ಎಡ ಬಲವಾಗಿ, ಬಲ ಎಡವಾಗಿ, ಎರಡು ಸಾವಿರದಷ್ಟು ಚಿತ್ರಗಳಲ್ಲಿ ಒಂದು ಸಭ್ಯ ಮನೆತನವನ್ನು ಅವಳು ಒಂದೇ ಹಗಲಿನಲ್ಲಿ ಎಡಚರನ್ನಾಗಿ ಮಾಡಿದ್ದಳು. ಅಷ್ಟು ಗೌರವ ತೋರಿಸದಿದ್ದರೆ ಇಷ್ಟು ಅವಮಾನವಾಗುತ್ತಿರಲಿಲ್ಲ.

ತಿರುಗಿಸುವುದೇನೂ ಕಷ್ಟವಲ್ಲ, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಎಲ್ಲರೂ ಬಲಗೈಗೆ ಮರಳುತ್ತಾರೆ. ಒತ್ತಿದಳು. ಮರಳಿದರು. ಆದರೆ ಎಡದಿಂದ ಎರಡನೆಯದು ಎಂದು ಕೇಳಿದ್ದವರ ಚಿತ್ರ ಈಗ ಬಲದಿಂದ ಎರಡನೆಯದಾಗಿತ್ತು. ಡೈರಿಯ ಲೆಕ್ಕದಂತೆ ಬುಡೆಯ ಮದುವೆಯ ಮೆರವಣಿಗೆ ಇರಬೇಕಾದಲ್ಲಿ ಅನ್ನ ಬೇಯಿಸುವ ಹಂಡೆ ಬಂದಿತ್ತು. ಮಧ್ಯಾಹ್ನವೆಲ್ಲ ಅವಳು ಹಂಡೆಯನ್ನು ಹಿಂದಕ್ಕೂ ಬುಡೆಯನ್ನು ಮುಂದಕ್ಕೂ ಎಳೆಯುವುದರಲ್ಲಿ ಕಳೆದಳು.

ತಪ್ಪು ಹಾಳೆಗಳನ್ನು ಬಿಚ್ಚಿಕೊಳ್ಳಲು ಊಟದ ಕೋಣೆಗೆ ಬಂದಾಗ ಅತ್ತೆ ಏಳನೆಯ ಹಾಳೆಯ ಮುಂದೆ ನಿಂತಿದ್ದರು. ಮಾವನ ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿಕೊಂಡಿದ್ದರು. ಅದು ಅವರ ಮದುವೆಯ ರೋಲು, ಮಾವನ ಕ್ಯಾಮೆರಾ ಹಿಡಿದು ಗೆಳೆಯರು ಯಾರೋ ತೆಗೆದದ್ದು. ಕಾಲಿಗೆ ತೊಡರುತ್ತಿದ್ದ ಮೊಮ್ಮಗಳನ್ನೂ ಗಮನಿಸದೆ ನಿಂತಿದ್ದರು.

"ಅದು ಬೇಡ ಇಬು, ಎಲ್ಲ ತಪ್ಪಾಗಿದೆ. ಸಂಜೆ ಸರಿಯಾದದ್ದು ತೋರಿಸ್ತೀನಿ," ಎಂದು ವೆನಿಂಗ್ ನಾಚಿಕೆಯಿಂದ ಹಾಳೆಯನ್ನು ಕಿತ್ತುಕೊಂಡಳು.

"ತಪ್ಪಾ?" ಎಂದರು ಅತ್ತೆ. ಭೂತಗನ್ನಡಿಯನ್ನು ಕೆಳಗಿಳಿಸಿದರು.

ಈ ಸಲ ವೆನಿಂಗ್ ಪರಿವಿಡಿಯ ಅಹಂಕಾರ ಬಿಟ್ಟಳು. ಮದುವೆಯ ಫಿಲ್ಮ್ ತುಂಡನ್ನು ಪ್ಲಾಸ್ಟಿಕ್ಕಿನಿಂದ ಹೊರತೆಗೆದು, ಹೊಳೆಯುವ ಮೈಯನ್ನು ಗಾಜಿನ ಕಡೆಗೆ ಮಾಡಿ, ಉಸಿರು ಬಿಗಿಹಿಡಿದು ಮಲಗಿಸಿದಳು. ಮದುಮಗ ಕಸ್ಮಾದಿ ಮದುಮಗಳಿಗೆ ಅರಿಶಿನದನ್ನದ ತುತ್ತು ಕೊಡುತ್ತಿರುವ ಚಿತ್ರ ಅದು. ನೀಲಿ ತೆಗೆದಳು, ಧೂಳು ತೆಗೆದಳು, ಮದುಮಗಳ ಮೂಗಿನ ಮೇಲೆ ಕೂತಿದ್ದ ಮೂವತ್ತೆಂಟು ವರ್ಷದ ಒಂದು ಕೂದಲನ್ನು ತೆಗೆದಳು. ಕಿರಾನಾ ಅವಳ ತೊಡೆಯ ಮೇಲೆಯೇ ನಿದ್ದೆಹೋದಳು, ಎದ್ದಳು. ಸಂಜೆ ಚಹಾದ ಹೊತ್ತಿಗೆ ಚಿತ್ರ ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಅನ್ನದ ಅಗುಳನ್ನು ಎಣಿಸಬಹುದಿತ್ತು. ದಾಮರ್ ಪರದೆಯ ಹತ್ತಿರ ಬಗ್ಗಿ ನೋಡಿದ. ಅವನು ಅಪ್ಪನನ್ನು ಅಷ್ಟು ಚಿಕ್ಕ ವಯಸ್ಸಿನಲ್ಲಿ ನೋಡಿರಲಿಲ್ಲ.

ಅತ್ತೆ ಕನ್ನಡಕ ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂತರು. ನೋಡಿದರು. ಕನ್ನಡಕ ತೆಗೆದರು.

"ಇದು ನಂಗೊತ್ತು. ಅದೇ ಸೊಟ್ಟ ಮುಖದೋಳು. ಬೇಡ ಮಗು."

ಕರಾರು ಕರಾರೇ. ನಾಳೆ ಇದೇ ಮನೆಯ ಗೋಡೆಯ ಮೇಲೆ ಮತ್ತೆ ಅದೇ ಚೀಟಿ. ಆಮೇಲೆ ಇನ್ನೆಂದಿಗೂ ಆ ಮಾತು ಎತ್ತುವಂತಿಲ್ಲ. ವೆನಿಂಗ್ ಕಂಪ್ಯೂಟರ್ ಮುಚ್ಚಲು ಕೈಯಿಟ್ಟಳು.

"ಮಧ್ಯಾಹ್ನ ನೀನು ಕಿತ್ಕೊಂಡೆಯಲ್ಲ," ಎಂದರು ಅತ್ತೆ, "ಆ ಹುಡುಗಿ ಎಲ್ಲಿ?"

ಯಾವ ಹುಡುಗಿಯೆಂದು ವೆನಿಂಗಳಿಗೆ ಅರ್ಥವಾಗಲಿಲ್ಲ. ಮೇಷ್ಟ್ರಿಗೆ ಅರ್ಥವಾಯಿತು. ದಾಮರ್ ಹೆಂಡತಿಯ ಹೆಗಲ ಮೇಲಿನಿಂದ ಕೈಚಾಚಿ ಆ ಗುಂಡಿ ಒತ್ತಿದ. ಚಿತ್ರ ಮಗ್ಗುಲು ಬದಲಿಸಿತು. ಅತ್ತೆ ಮತ್ತೆ ಕನ್ನಡಕ ಹಾಕಿಕೊಂಡರು.

"ಹಾಂ. ಇವಳು. ದಿನಾ ಬೆಳಗ್ಗೆ ಕನ್ನಡಿ ಮುಂದೆ ತುರುಬು ಕಟ್ಕೊಳ್ವಾಗ ಕಾಣೋಳು ಇವಳೇ."

ಮನುಷ್ಯ ತನ್ನ ಮುಖವನ್ನು ಹುಟ್ಟಿದಾಗಿನಿಂದ ನೋಡುವುದು ಕನ್ನಡಿಯಲ್ಲಿ, ತಿರುಗುಮುರುಗಾಗಿ. ಫೋಟೊದಲ್ಲಿ ಬರುವುದು ಊರಿನವರು ನೋಡುವ ಮುಖ, ಅದಕ್ಕೇ ತನಗೆ ಸೊಟ್ಟ ಕಾಣುತ್ತದೆ ಎಂದು ದಾಮರ್ ನಿಧಾನವಾಗಿ ಬಿಡಿಸಿ ಹೇಳಿದ. ಅತ್ತೆ ಕೇಳಿಸಿಕೊಂಡರು. ಬಹಳ ಹೊತ್ತು ಪರದೆಯ ಮೇಲಿದ್ದ ಮದುಮಗನನ್ನು ನೋಡಿದರು.

"ಹಾಗಾದ್ರೆ ಕ್ಯಾಮೆರಾ ಹಿಡಿದ ಅವರ ಕೈ ಸರಿಯಾಗೇ ಇತ್ತು. ಪಾಪ, ಮೂವತ್ತಾರು ವರ್ಷ ಬೈದೆ."

ಒಂದು ತೊಡಕು ಉಳಿದಿತ್ತು. ಅತ್ತೆ ಸರಿಹೋದ ಕೂಡಲೇ ಮಾವ ಹೆಂಡತಿಗೆ ಎಡಗೈಯಲ್ಲಿ ತುತ್ತು ಕೊಡತೊಡಗಿದ್ದರು! ಇಡೀ ಮನೆತನದ ಎದುರು, ಅದೂ ಬುಡೆ ತುಮಿನಿಯ ಎದುರು! ಚಿತ್ರವನ್ನು ನಡುವೆ ಕತ್ತರಿಸಿ ಇಬ್ಬರನ್ನೂ ಬೇರೆ ಬೇರೆ ತಿರುಗಿಸಿ ಅಂಟಿಸಬಹುದೆಂದು ವೆನಿಂಗ್ ಸೂಚಿಸಿದಳು. ಬೇಡ, ನಮ್ಮಿಬ್ಬರನ್ನು ಕತ್ತರಿಸಬೇಡ ಎಂದರು ಅತ್ತೆ. ಹೇಗಿದೆಯೋ ಹಾಗೆ ಹಾಕು. ಬಂದದ್ದನ್ನು ನಾನು ನೋಡಿಕೊಳ್ಳುತ್ತೇನೆ.

ಭಾನುವಾರ ಹತ್ತಕ್ಕೆಲ್ಲ ಮನೆ ತುಂಬಿತು. ಬಾಗಿಲಲ್ಲಿ ಚಪ್ಪಲಿಗಳ ಗುಡ್ಡ, ಅಡುಗೆಮನೆಯಲ್ಲಿ ತೆಂಗಿನ ಹಾಲಿನ ಕೋಳಿ ಸಾರಿನ ಘಮ, ಮೇಜಿನ ಮೇಲೆ ಅನಾನಸ್ ಬಿಸ್ಕತ್ತು. ಗೋಡೆಯ ಬಟ್ಟೆಯಿಂದ ಹಳೆಯ ಚೀಟಿಯನ್ನು ಅತ್ತೆ ತಮ್ಮ ಕೈಯಾರೆ ತೆಗೆದು, ಫೋಟೊವನ್ನು ನಾಲ್ಕು ಮೂಲೆಗೂ ಪಿನ್ನು ಚುಚ್ಚಿ ಕೂರಿಸಿದ್ದರು. ಜನ ಅದರ ಮುಂದೆ ಬಂದರು, ನಿಂತರು, ಹಾಡಿ ಹೊಗಳಲು ಬಾಯಿ ತೆರೆದರು, ಎಡಗೈ ಕಂಡು ಬಾಯಿ ಮುಚ್ಚಿದರು. ಎಲ್ಲರೂ ಬುಡೆಗೆ ದಾರಿ ಬಿಟ್ಟರು. ಬುಡೆ ಹತ್ತಿರ ಹೋಗಿ, ಹಿಂದೆ ಸರಿದು, ಮತ್ತೆ ಹತ್ತಿರ ಹೋಗಿ ನೋಡಿದರು. ವೆನಿಂಗ್ ತಟ್ಟೆಗಳನ್ನು ಹಿಡಿದು ಬಾಗಿಲಲ್ಲೇ ನಿಂತಳು.

"ನನ್ನ ತಮ್ಮ ಎಡಗೈಲಿ ತುತ್ತು ಕೊಟ್ಟನಾ, ಸುಲಾರ್ಮಿ? ನಾನೂ ಅಲ್ಲೇ ಇದ್ದೆ."

"ಯು ತುಮಿನಿ," ಎಂದರು ಅತ್ತೆ, ನಾದಿನಿಯನ್ನು ಯು, ಅಂದರೆ ಅಕ್ಕ, ಎಂದು ಕರೆಯುವ ಅದೇ ಮೆತ್ತನೆಯ ದನಿಯಲ್ಲಿ. "ನಿಮ್ಮ ತಮ್ಮನ ಬಲಗೈ ಯಾವತ್ತು ಖಾಲಿ ಇತ್ತು? ಹಗಲೂ ರಾತ್ರಿ ಕ್ಯಾಮೆರಾ. ನಂಗೇನು ಕೊಟ್ಟಿದ್ರೂ ಆ ಎಡಗೈಲೇ ಕೊಡಬೇಕಿತ್ತು."

ಮೊದಲು ನಕ್ಕವರು ಗಿಮಾನ್. ಆಮೇಲೆ ಇಡೀ ಕೋಣೆ ನಕ್ಕಿತು. ಕೊನೆಗೆ ಬುಡೆಯೂ ನಕ್ಕು, ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡು, ನೀನು ಎಷ್ಟು ಚೆಂದವಿದ್ದೆ ಎಂದು ನಮಗೇ ಮರೆತುಹೋಗಿತ್ತಲ್ಲೇ ಎಂದು ತಮ್ಮನ ಹೆಂಡತಿಯ ಬೆನ್ನು ಸವರಿದರು.

ವೆನಿಂಗ್ ಹಗುರಾಗಿ ಅಡುಗೆಮನೆಗೆ ಬಂದಳು. ಸಾರು ಬಡಿಸುವಷ್ಟರಲ್ಲಿ ಒಬ್ಬೊಬ್ಬರೇ ಹೆಂಗಸರು ಅಲ್ಲಿಗೆ ಬರತೊಡಗಿದರು. ಲೋಟ ಬೇಕೆಂದು ಒಬ್ಬರು, ಉಪ್ಪು ಬೇಕೆಂದು ಒಬ್ಬರು. ಬಂದವರೆಲ್ಲ ಕೊನೆಯಲ್ಲಿ ದನಿ ತಗ್ಗಿಸಿ, ತಮ್ಮದೂ ಒಂದು ಇದೆ, ಆ ಮೊದಲು ಕಳಿಸಿದ ಥರದ್ದೇ, ತಪ್ಪಾದದ್ದೇ ಬೇಕು ಎಂದರು. ಹದಿನೇಳು ಹೆಸರಾಯಿತು. ಹದಿನೆಂಟನೆಯವರಾಗಿ ಬುಡೆ ತುಮಿನಿ ಬಂದು ಬಾಗಿಲು ಓರೆ ಮಾಡಿದರು. ತಮ್ಮ ಗಂಡ ಮಾತ್ರ ನೆಟ್ಟಗೇ ಇರಲಿ, ತಮ್ಮೊಬ್ಬರನ್ನು ತಿರುಗಿಸಿಕೊಡಬೇಕು, ಆಗುತ್ತದೆಯೇ ಎಂದರು.

ವೆನಿಂಗಳಿಗೆ ಹಳೆಯ ತೇಜಸ್ಸು ಮರಳಿ ಬಂತು. ಮೊದಲ ಸಲದ್ದು ಕೈತಪ್ಪು, ಈಗ ವಿದ್ಯೆ ತಿಳಿದಿದೆ, ಈ ಸಲ ಕ್ರಮವಾಗಿ, ಅಚ್ಚುಕಟ್ಟಾಗಿ, ಅಳತೆ ಹಿಡಿದು ಮಾಡುತ್ತೇನೆ ಎಂದು ಸೌಟು ಎತ್ತಿ ಭರವಸೆ ಕೊಟ್ಟಳು. ಬುಡೆಯ ಮುಖ ಸಣ್ಣಗಾಯಿತು. ಅವರು ತಿರುಗಿ ಪಡಸಾಲೆಯ ಕಡೆಗೆ ನೋಡಿ, ಸುಲಾರ್ಮಿ, ಇವಳು ಅಚ್ಚುಕಟ್ಟಾಗಿ ಮಾಡ್ತಾಳಂತಲ್ಲೇ ಎಂದು ಕಳವಳದಿಂದ ಕೂಗಿದರು.

"ಹೆದರಬೇಡಿ ಯು," ಅತ್ತೆಯ ದನಿ ಬಂತು. "ನಾನು ಪಕ್ಕದಲ್ಲೇ ನಿಂತಿರ್ತೀನಿ. ಸರಿಯಾಗಿ ಮಾಡೋಕೆ ಹೊರಟ್ರೆ ತಡೀತೀನಿ."